ಉದರದರ್ಶಕ ಶಸ್ತ್ರಚಿಕಿತ್ಸೆಯ ಪೂರ್ವಾಭ್ಯಾಸ: ಘಟ್ಟದ ಮೇಲಣ ಮೂರು ತಾಲ್ಲೂಕುಗಳ ದೃಷ್ಟಿಯಿಂದ ಒಂದು ಐತಿಹಾಸಿಕ ವಿವೇಚನೆ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಣ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ ವಯಸ್ಸಾದ ಹೆಂಗಸರು ‘ಆಪರೇಷನ್ ಆಯಿತು’ ಎಂದರೆ, ಯಾವ ಆಪರೇಷನ್ ಎಂದು ಕೇಳುವ ಪದ್ಧತಿಯಿಲ್ಲ. ವಿಶೇಷಣವಿಲ್ಲದ ಆ ಶಬ್ದಕ್ಕೆ ಅವರ ಮಾತಿನಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆಯೆಂಬುದೊಂದೇ ಅರ್ಥ. ಕರುಳುಬಾಲದ್ದೋ ಪಿತ್ತಕೋಶದ್ದೋ ಆದರೆ ಅಂಗದ ಹೆಸರನ್ನು ಮುಂದೆ ಸೇರಿಸಿ ಹೇಳುತ್ತಾರೆ. ಇದು ಕರ್ನಾಟಕದ ಇತರ ಗ್ರಾಮಪ್ರದೇಶಗಳಲ್ಲಿಯೂ ಕಂಡುಬರುವ ರೂಢಿಯೇ ಆಗಿದೆ. ಶಾಸನ, ಕಡತಗಳಂತೆ ಇಂಥ ರೂಢಿಯ ಮಾತೂ ಇತಿಹಾಸಕ್ಕೆ ಒಂದು ಆಧಾರವೆಂದು ನಾವು ಭಾವಿಸುತ್ತೇವೆ. ನಮ್ಮ ಹಳ್ಳಿಗಳಿಗೆ ಆಧುನಿಕ ಶಸ್ತ್ರವೈದ್ಯವು ಬಹುಸಂಖ್ಯೆಯಲ್ಲಿ ಯಾವ ಬಾಗಿಲಿನಿಂದ ಪ್ರವೇಶಿಸಿತೆಂಬುದನ್ನು ಈ ಒಂದು ಶಬ್ದವೇ ಹೇಳುತ್ತದೆ.

ಹೊಟ್ಟೆಯನ್ನು ಉದ್ದಕ್ಕೆ ಸೀಳದೆ, ಬೆರಳಗಲದ ಅಥವಾ ಅದಕ್ಕೂ ಚಿಕ್ಕದಾದ ರಂಧ್ರದ ಮೂಲಕ ದರ್ಶಕನಳಿಕೆಯನ್ನೂ ಸಲಕರಣೆಗಳನ್ನೂ ಒಳಕ್ಕೆ ಕಳಿಸಿ ನಡೆಸುವ ಚಿಕಿತ್ಸೆಗೆ ನಮ್ಮ ಸರ್ಕಾರಿ ಕನ್ನಡದಲ್ಲಿ ‘ಉದರದರ್ಶಕ ಶಸ್ತ್ರಚಿಕಿತ್ಸೆ’ ಎಂದು ಹೆಸರಿದೆ. ಈ ಚಿಕಿತ್ಸೆಯನ್ನು ಕಲಿಯುವ ವೈದ್ಯರು ಜೀವಂತ ದೇಹವನ್ನು ಮುಟ್ಟುವ ಮೊದಲು ಪೆಟ್ಟಿಗೆ, ಬೊಂಬೆ ಅಥವಾ ಗಣಕಯಂತ್ರದ ಅನುಕೃತಿಗಳ ಮೇಲೆ ಕೈ ಪಳಗಿಸಿಕೊಳ್ಳುವುದು ಈಗ ವೈದ್ಯಶಿಕ್ಷಣದ ಒಂದು ಅಂಗವಾಗುತ್ತಿದೆ. ಈ ಪೂರ್ವಾಭ್ಯಾಸದ ಇತಿಹಾಸವನ್ನು ಸ್ಥೂಲವಾಗಿ ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಕಲಿಯುವ ಕೈ ಮೊದಮೊದಲು ತಪ್ಪುವುದು ಸಹಜ. ಆ ತಪ್ಪಿನ ಭಾರವನ್ನು ಯಾರು ಹೊರಬೇಕು ಎಂಬ ಪ್ರಶ್ನೆಗೆ ಆಯಾ ಕಾಲ ಕೊಟ್ಟ ಉತ್ತರವೇ ಈ ಇತಿಹಾಸದ ತಿರುಳೆಂದು ನಮಗೆ ತೋರುತ್ತದೆ.

ಪ್ರಾಚೀನರ ‘ಯೋಗ್ಯಾ’

ಈ ವಿಷಯದಲ್ಲಿ ನಮಗೆ ದೊರೆಯುವ ಅತಿ ಪ್ರಾಚೀನ ಹಾಗೂ ಸವಿವರವಾದ ಆಧಾರವೆಂದರೆ ಸುಶ್ರುತಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯ. ಗ್ರಂಥದ ಕಾಲವನ್ನು ಕುರಿತು ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ; ಆ ಚರ್ಚೆ ಇಲ್ಲಿ ಅಪ್ರಸ್ತುತ. ಅಧ್ಯಾಯದ ಹೆಸರು ‘ಯೋಗ್ಯಾಸೂತ್ರೀಯ’. ‘ಯೋಗ್ಯಾ’ ಎಂದರೆ ಕೈಯ ಅಭ್ಯಾಸ. ಶಾಸ್ತ್ರವನ್ನೆಲ್ಲ ಓದಿ ಮುಗಿಸಿದ ಶಿಷ್ಯನಾದರೂ ಈ ಅಭ್ಯಾಸವಿಲ್ಲದೆ ಕರ್ಮಕ್ಕೆ ಅನರ್ಹನೆಂಬುದು ಅಲ್ಲಿನ ನಿಲುವು.

ಅಲ್ಲಿ ಹೇಳಿರುವ ಅಭ್ಯಾಸವಸ್ತುಗಳನ್ನು ಗಮನಿಸಿದರೆ ಶಿರಸಿ ಸೀಮೆಯ ವಾಚಕರಿಗೆ ಅವೆಲ್ಲ ಹಿತ್ತಿಲಿನ ಪರಿಚಿತ ಪದಾರ್ಥಗಳೇ ಎನಿಸದಿರದು. ಕೊಯ್ಯುವುದನ್ನು ಕುಂಬಳ, ಸೋರೆ, ಕಲ್ಲಂಗಡಿ, ಸೌತೆ ಮೊದಲಾದ ಕಾಯಿಗಳ ಮೇಲೆ ಕಲಿಯಬೇಕು. ಸೀಳುವುದನ್ನು ನೀರು, ಕೆಸರು ತುಂಬಿದ ತೊಗಲಿನ ಚೀಲದ ಮೇಲೆ, ಕೆರೆಯುವುದನ್ನು ಕೂದಲುಳ್ಳ ಚರ್ಮದ ಮೇಲೆ, ಸಿರೆಯನ್ನು ಚುಚ್ಚುವುದನ್ನು ಸತ್ತ ಪ್ರಾಣಿಯ ಸಿರೆ ಹಾಗೂ ನೈದಿಲೆಯ ದಂಟಿನ ಮೇಲೆ ಕಲಿಯಬೇಕು. ಒಳಗೆ ಸಿಕ್ಕಿದ್ದನ್ನು ಹೊರತೆಗೆಯುವ ಅಭ್ಯಾಸಕ್ಕೆ ಹಲಸು, ತೊಂಡೆ, ಬಿಲ್ವಗಳ ತಿರುಳು. ಹೊಲಿಗೆಗೆ ಬಟ್ಟೆಯ ಹಾಗೂ ಮೆತ್ತನೆಯ ತೊಗಲಿನ ಅಂಚು. ಕಟ್ಟು ಕಟ್ಟುವುದಕ್ಕೆ ಮನುಷ್ಯಾಕಾರದ ಬೊಂಬೆ. ಇವುಗಳಲ್ಲಿ ಒಂದು ವಿಧಿ ನಮ್ಮ ವಿಷಯಕ್ಕೆ ವಿಶೇಷವಾಗಿ ಸಮೀಪವಾದುದು. ಕಣ್ಣಿಗೆ ಕಾಣದ ಒಳದಾರಿಯನ್ನು ಶಲಾಕೆಯಿಂದ ಅರಸುವ ‘ಏಷಣ’ವನ್ನು ಹುಳು ತಿಂದ ಮರ, ಬಿದಿರು ಹಾಗೂ ಒಣಗಿದ ಸೋರೆಬುರುಡೆಯ ಬಾಯಿಯಲ್ಲಿ ಅಭ್ಯಾಸ ಮಾಡಬೇಕೆಂದು ಹೇಳಿದೆ. ಕಿರಿದಾದ ಬಾಯಿಯಿಂದ ಸಲಕರಣೆಯನ್ನು ಒಳಗೆ ಬಿಟ್ಟು ಅದರ ತುದಿಯ ಮೂಲಕವೇ ಒಳಗಿನ ಸ್ಥಿತಿಯನ್ನು ತಿಳಿಯುವ ಶಿಕ್ಷಣವಿದು.

ಇಷ್ಟರಿಂದಲೇ ಉದರದರ್ಶಕ ಚಿಕಿತ್ಸೆ ಪ್ರಾಚೀನರಿಗೆ ತಿಳಿದಿತ್ತೆಂದು ಸಾಧಿಸಹೊರಡುವುದು ಇತಿಹಾಸವಾಗಲಾರದು. ಬೆಳಕು, ಮಸೂರ, ಅರಿವಳಿಕೆ ಇವು ಯಾವುವೂ ಅಂದು ಇರಲಿಲ್ಲ. ನಾವು ಗಮನಿಸಬೇಕಾದುದು ಕ್ರಮವನ್ನು. ಆ ಗ್ರಂಥದ ಮುಂದಿನ ಅಧ್ಯಾಯದ ಪ್ರಕಾರ, ಶಾಸ್ತ್ರವನ್ನು ಕಲಿತು, ಕರ್ಮವನ್ನು ಕಣ್ಣಾರೆ ಕಂಡು, ಯೋಗ್ಯೆಯನ್ನು ಮುಗಿಸಿ, ಅರಸನ ಅನುಮತಿಯನ್ನು ಪಡೆದವನು ಮಾತ್ರ ವೃತ್ತಿಗಿಳಿಯಬಹುದು. ಅರ್ಧ ವಿದ್ಯೆಯಿಂದ ರೋಗಿಗೆ ಕೇಡು ಮಾಡುವವನು ರಾಜದಂಡನೆಗೆ ಅರ್ಹನೆಂಬ ಮಾತೂ ಗ್ರಂಥದಲ್ಲಿದೆ. ಎಂದರೆ, ಅಭ್ಯಾಸದ ನಿಯಮದ ಹಿಂದೆ ವೈದ್ಯನನ್ನು ಪ್ರಶ್ನಿಸಬಲ್ಲ ಒಂದು ಅಧಿಕಾರ ನಿಂತಿತ್ತು. ಈ ಅಂಶವನ್ನು ನೆನಪಿನಲ್ಲಿಟ್ಟು ಮುಂದಕ್ಕೆ ಹೋಗೋಣ.

ಮೇಣದ ಮೂಗು

ಕಾಲಾನಂತರದಲ್ಲಿ ಶಸ್ತ್ರಕರ್ಮವು ಪಂಡಿತರ ಕೈಯಿಂದ ಜಾರಿ ಹಲವೆಡೆ ಕಸುಬುದಾರರ ಕೈಯಲ್ಲಿ ಉಳಿಯಿತು. ಇದಕ್ಕೊಂದು ಪ್ರಸಿದ್ಧ ಉದಾಹರಣೆಗೆ ಕರ್ನಾಟಕದ ಇತಿಹಾಸದೊಡನೆ ಸಂಬಂಧವುಂಟು. ೧೭೯೨ರ ಮೈಸೂರು ಯುದ್ಧಕಾಲದಲ್ಲಿ ಇಂಗ್ಲಿಷರ ದಂಡಿನ ಎತ್ತಿನ ಗಾಡಿ ಹೊಡೆಯುವ ಕೌವಾಸ್ಜಿ ಎಂಬಾತನು ಟಿಪ್ಪುವಿನ ಸೇನೆಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಮುಂದೆ ಪುಣೆಯ ಸಮೀಪದಲ್ಲಿ, ಇಟ್ಟಿಗೆ ಮಾಡುವ ಜಾತಿಗೆ ಸೇರಿದವನೆಂದು ವರ್ಣಿತನಾದ ಒಬ್ಬನು ಹಣೆಯ ಚರ್ಮದಿಂದ ಅವನಿಗೆ ಹೊಸ ಮೂಗನ್ನು ಕಟ್ಟಿಕೊಟ್ಟನು. ಈ ವೃತ್ತಾಂತ ೧೭೯೪ರಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೆಯಲ್ಲಿ ಅಚ್ಚಾಯಿತು. ಶಸ್ತ್ರವನ್ನು ಹಿಡಿಯುವ ಮೊದಲು ಆ ಕಸುಬುದಾರನು ತೆಳುವಾದ ಮೇಣದ ಹಾಳೆಯಿಂದ ಮೂಗಿನ ಅಚ್ಚನ್ನು ಮಾಡಿ, ಅದನ್ನು ಹಣೆಯ ಮೇಲೆ ಚಪ್ಪಟೆಯಾಗಿ ಹರಡಿ, ಅದರ ಅಂಚಿನಗುಂಟ ಗೆರೆ ಎಳೆದುಕೊಂಡನೆಂದು ಅಲ್ಲಿ ವರ್ಣಿಸಿದೆ. ಜೀವಂತ ಚರ್ಮದ ಮೇಲೆ ಆಗಬಹುದಾಗಿದ್ದ ಅಳತೆಯ ತಪ್ಪನ್ನು ಮೇಣವೇ ಹೊತ್ತಿತು.

ಈ ವರದಿಯಿಂದ ಪ್ರೇರಿತನಾದ ಜೋಸೆಫ್ ಕಾರ್ಪ್ಯೂ ಎಂಬ ಲಂಡನ್ನಿನ ಶಸ್ತ್ರವೈದ್ಯನು ಅದನ್ನು ಒಮ್ಮೆಲೇ ರೋಗಿಯ ಮೇಲೆ ಪ್ರಯೋಗಿಸಲಿಲ್ಲ. ಸುಮಾರು ೨೦ ವರ್ಷಗಳ ಕಾಲ ಶವಗಳ ಮೇಲೆ ಅಭ್ಯಾಸ ಮಾಡಿ, ೧೮೧೪ರಲ್ಲಿ ಮೊದಲ ರೋಗಿಗೆ ಚಿಕಿತ್ಸೆ ನಡೆಸಿದನು. ಒಂದು ಕಾರ್ಯದ ಪೂರ್ವಾಭ್ಯಾಸಕ್ಕೆ ಇಷ್ಟು ತಾಳ್ಮೆ ತೋರಿದ ನಿದರ್ಶನಗಳು ಶಸ್ತ್ರವೈದ್ಯದ ಚರಿತ್ರೆಯಲ್ಲಿ ಅಪೂರ್ವ. ನಮ್ಮ ದೇಶದಲ್ಲಿ ೧೮೩೬ರಲ್ಲಿ ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ಮಧುಸೂದನ ಗುಪ್ತರು ಶವಚ್ಛೇದನವನ್ನು ಕೈಗೊಂಡ ಮೇಲೆ ಅಂಗರಚನೆಯನ್ನು ಶವದ ಮೇಲೆ ಕಲಿಯುವುದು ವೈದ್ಯಶಿಕ್ಷಣದಲ್ಲಿ ಬೇರೂರಿತು. ಆದರೆ ಶಸ್ತ್ರಕರ್ಮವನ್ನು ಮಾತ್ರ ಶಿಷ್ಯರು ಗುರುವಿನ ಮಗ್ಗುಲಲ್ಲಿ ನಿಂತು, ರೋಗಿಯ ಮೇಲೆಯೇ ಕಲಿಯುತ್ತ ಬಂದರು.

ಹೊಸ ವಿದ್ಯೆ, ಹೊಸ ತೊಡಕು

ದರ್ಶಕನಳಿಕೆಯಿಂದ ಹೊಟ್ಟೆಯ ಒಳಭಾಗವನ್ನು ನೋಡುವ ಪ್ರಯೋಗವನ್ನು ೧೯೦೧ರಲ್ಲಿ ಜರ್ಮನಿಯ ಗೇಯಾರ್ಗ್ ಕೆಲ್ಲಿಂಗ್ ನಾಯಿಯೊಂದರ ಮೇಲೆ ನಡೆಸಿ ತೋರಿಸಿದರು. ೧೯೧೦ರಲ್ಲಿ ಸ್ವೀಡನ್ನಿನ ಯಾಕೊಬೇಯಸ್ ಮನುಷ್ಯರಲ್ಲಿ ಅದನ್ನು ಬಳಸಿದ ವಿವರವನ್ನು ಪ್ರಕಟಿಸಿದರು. ನೋಡುವ ಉಪಾಯ ಮಾಡುವ ಉಪಾಯವಾಗಿ ಬೆಳೆಯಲು ದೀರ್ಘಕಾಲ ಹಿಡಿಯಿತು. ಜರ್ಮನಿಯ ಕೀಲ್ ನಗರದ ಸ್ತ್ರೀರೋಗತಜ್ಞ ಕುರ್ಟ್ ಜೆಮ್ ೧೯೮೦ರಲ್ಲಿ ಈ ಮಾರ್ಗದಿಂದ ಕರುಳುಬಾಲವನ್ನು ತೆಗೆದಾಗ, ಅವರನ್ನು ವೃತ್ತಿಯಿಂದ ಅಮಾನತುಗೊಳಿಸಬೇಕೆಂಬ ಒತ್ತಾಯವೂ ಕೇಳಿಬಂದಿತು. ೧೯೮೫ರಲ್ಲಿ ಎರಿಕ್ ಮ್ಯೂಹೆ ಅದೇ ದೇಶದಲ್ಲಿ ಪಿತ್ತಕೋಶವನ್ನು ತೆಗೆದರು. ೧೯೮೭ರಲ್ಲಿ ಫ್ರಾನ್ಸಿನ ಲಿಯೋನಿನಲ್ಲಿ ಫಿಲಿಪ್ ಮೂರೆ ಅದೇ ಕಾರ್ಯವನ್ನು ಮಾಡಿದ ಮೇಲೆ ಈ ವಿಧಾನ ಪ್ರಪಂಚದಾದ್ಯಂತ ಹರಡಿತು. ಶಿಷ್ಯರ ಅಭ್ಯಾಸಕ್ಕಾಗಿ ಒಂದು ಪೆಟ್ಟಿಗೆಯನ್ನು ರಚಿಸಿದವರೂ ಜೆಮ್ ಅವರೇ. ಮೇಲ್ಭಾಗದಲ್ಲಿ ರಂಧ್ರಗಳಿದ್ದು, ಒಳಗೆ ಅಂಗದ ಬದಲು ಬೇರೊಂದು ವಸ್ತುವನ್ನಿರಿಸಿ ಸಲಕರಣೆಗಳನ್ನು ಆಡಿಸಬಹುದಾದ ಆ ಪೆಟ್ಟಿಗೆ ಇಂದಿನ ಅನುಕೃತಿಯಂತ್ರಗಳ ಪೂರ್ವಜ.

ಅಂಥ ಪೆಟ್ಟಿಗೆಯ ಅಗತ್ಯವೇನೆಂಬುದನ್ನು ತಿಳಿಯಲು ಈ ವಿದ್ಯೆಯ ತೊಡಕುಗಳನ್ನು ಅರಿಯಬೇಕು. ಸಲಕರಣೆಯ ಕೋಲು ಹೊಟ್ಟೆಯ ಗೋಡೆಯ ರಂಧ್ರವನ್ನೇ ಆಧಾರವಾಗಿಟ್ಟುಕೊಂಡು ತಿರುಗುತ್ತದೆ. ಆದ್ದರಿಂದ, ಏತದ ಒಂದು ತುದಿ ಇಳಿದರೆ ಇನ್ನೊಂದು ಏರುವಂತೆ, ಕೈ ಎಡಕ್ಕೆ ಹೋದರೆ ಒಳಗಿನ ತುದಿ ಬಲಕ್ಕೆ ಹೋಗುತ್ತದೆ. ಕಣ್ಣು ಕೈಯನ್ನು ನೋಡದೆ ಪರದೆಯನ್ನು ನೋಡುತ್ತಿರುತ್ತದೆ. ಪರದೆಯ ಚಿತ್ರ ಚಪ್ಪಟೆಯಾದ್ದರಿಂದ ಆಳದ ಅರಿವು ಕುಂದುತ್ತದೆ. ಬೆರಳಿನ ಸ್ಪರ್ಶಜ್ಞಾನ ಉದ್ದನೆಯ ಕೋಲಿನಲ್ಲಿ ಮಂಕಾಗುತ್ತದೆ. ತೆರೆದ ಹೊಟ್ಟೆಯ ಶಸ್ತ್ರಚಿಕಿತ್ಸೆಯಲ್ಲಿ ಇಪ್ಪತ್ತು ವರ್ಷ ನುರಿತವರೂ ಇಲ್ಲಿ ಮತ್ತೆ ಹೊಸಬರೇ ಆಗಬೇಕಾಯಿತು.

ಇದರ ಪರಿಣಾಮವನ್ನು ಅಂಕಿಗಳೇ ತೋರಿಸುತ್ತವೆ. ೧೯೯೧ರಲ್ಲಿ ಅಮೆರಿಕೆಯ ದಕ್ಷಿಣ ಪ್ರಾಂತಗಳ ಶಸ್ತ್ರವೈದ್ಯರು ೧೫೧೮ ಪಿತ್ತಕೋಶ ಚಿಕಿತ್ಸೆಗಳ ವಿವರವನ್ನು ಒಟ್ಟುಗೂಡಿಸಿ ಪ್ರಕಟಿಸಿದರು. ಪ್ರತಿಯೊಂದು ವೈದ್ಯತಂಡದ ಮೊದಲ ೧೩ ರೋಗಿಗಳಲ್ಲಿ ಪಿತ್ತನಾಳಕ್ಕೆ ಗಾಯವಾದ ಪ್ರಮಾಣ ಶೇಕಡ ೨.೨, ಅನಂತರದ ರೋಗಿಗಳಲ್ಲಿ ಶೇಕಡ ೦.೧ ಮಾತ್ರ. ವಿದ್ಯೆ ಒಂದೇ, ವೈದ್ಯರು ಅವರೇ; ವ್ಯತ್ಯಾಸವೆಲ್ಲ ರೋಗಿ ಸರದಿಯಲ್ಲಿ ಮುಂದಿದ್ದನೇ ಹಿಂದಿದ್ದನೇ ಎಂಬುದರಲ್ಲಿತ್ತು. ಮೊದಲ ಹದಿಮೂವರು ಉಳಿದವರಿಗೆ ತಮಗರಿವಿಲ್ಲದೆಯೇ ಪಾಠದ ಹಲಗೆಯಾದರು.

ಕೂಗು ಎದ್ದುದು ಆಗ. ೧೯೯೨ರಲ್ಲಿ ನ್ಯೂಯಾರ್ಕ್ ಪ್ರಾಂತದ ಆರೋಗ್ಯ ಇಲಾಖೆ, ನಿಗದಿತ ಸಂಖ್ಯೆಯ ಚಿಕಿತ್ಸೆಗಳನ್ನು ಅನುಭವಿಗಳ ಮೇಲ್ವಿಚಾರಣೆಯಲ್ಲಿ ಮಾಡಿದ ಹೊರತು ಸ್ವತಂತ್ರವಾಗಿ ಕೈಹಾಕಬಾರದೆಂಬ ಮಾರ್ಗಸೂಚಿಯನ್ನು ಹೊರಡಿಸಿತು. ೨೦೦೨ರಲ್ಲಿ ಯೇಲ್ ವಿಶ್ವವಿದ್ಯಾನಿಲಯದಲ್ಲಿ ೧೬ ಮಂದಿ ಕಿರಿಯ ವೈದ್ಯರನ್ನು ಎರಡು ಗುಂಪು ಮಾಡಿ ಪರೀಕ್ಷಿಸಲಾಯಿತು. ಗಣಕಯಂತ್ರದ ಅನುಕೃತಿಯಲ್ಲಿ ಪಳಗಿದವರು ಪಿತ್ತಕೋಶವನ್ನು ಬಿಡಿಸುವ ಕಾರ್ಯವನ್ನು ಶೇಕಡ ೨೯ರಷ್ಟು ಬೇಗ ಮುಗಿಸಿದರಲ್ಲದೆ, ಅವರ ತಪ್ಪುಗಳು ಇತರರ ತಪ್ಪುಗಳ ಸುಮಾರು ಆರನೆಯ ಒಂದು ಪಾಲಿಗೆ ಇಳಿದುವು. ೨೦೦೪ರಲ್ಲಿ ಅಮೆರಿಕೆಯಲ್ಲಿ ಪೆಟ್ಟಿಗೆಯ ಅಭ್ಯಾಸವನ್ನೇ ಪರೀಕ್ಷೆಯಾಗಿ ರೂಪಿಸಿದರು. ಸಣ್ಣ ಗೂಟಗಳಿಂದ ವಸ್ತುಗಳನ್ನು ಎತ್ತಿ ಬೇರೆ ಗೂಟಗಳಿಗೆ ಹಾಕುವುದು, ಬಟ್ಟೆಯಲ್ಲಿ ಗುರುತಿಸಿದ ವೃತ್ತವನ್ನು ಗೆರೆ ತಪ್ಪದೆ ಕತ್ತರಿಸುವುದು, ದಾರದಿಂದ ಗಂಟು ಹಾಕುವುದು ಮುಂತಾದವೇ ಅಲ್ಲಿನ ಪ್ರಶ್ನೆಗಳು. ಬಟ್ಟೆಯ ಅಂಚಿನ ಮೇಲೆ ಹೊಲಿಗೆ ಕಲಿತ ಸುಶ್ರುತನ ಶಿಷ್ಯರಿಗೆ ಈ ಪರೀಕ್ಷಾಮಂದಿರ ಅಷ್ಟೇನೂ ಅಪರಿಚಿತವೆನಿಸುತ್ತಿರಲಿಲ್ಲ.

ನಮ್ಮ ಹಳ್ಳಿಗೆ ಬಂದ ಬಗೆ

ಭಾರತದಲ್ಲಿ ಪಿತ್ತಕೋಶದ ಮೊದಲ ಉದರದರ್ಶಕ ಚಿಕಿತ್ಸೆಯನ್ನು ೧೯೯೦ರಲ್ಲಿ ಮುಂಬಯಿಯಲ್ಲಿ ತೆಹೆಮ್ಟನ್ ಉದ್ವಾಡಿಯಾ ನಡೆಸಿದರು. ಈ ವಿದ್ಯೆಯ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಈ ವರ್ಷದಿಂದಲೇ ಆರಂಭಿಸುತ್ತಾರೆ. ಗ್ರಾಮಾಂತರದ ದೃಷ್ಟಿಯಿಂದ ಈ ಕಾಲಗಣನೆ ಅಪೂರ್ಣವಾದುದು. ಏಕೆಂದರೆ, ದರ್ಶಕನಳಿಕೆ ಅದಕ್ಕೂ ಮೊದಲೇ ಹಳ್ಳಿಯ ಹೆಂಗಸರ ಹೊಟ್ಟೆಯೊಳಕ್ಕೆ ಹೋಗಿ ಬಂದಿತ್ತು.

೧೯೭೫–೭೭ರ ತುರ್ತು ಪರಿಸ್ಥಿತಿಯ ಅವಧಿಯಲ್ಲಿ ಸಂತಾನಹರಣದ ಒತ್ತಾಯ ಮುಖ್ಯವಾಗಿ ಗಂಡಸರ ಮೇಲೆ ಬಿದ್ದಿತ್ತು. ೧೯೭೬–೭೭ರ ಒಂದೇ ವರ್ಷದಲ್ಲಿ ದೇಶದಲ್ಲಿ ೮೦ ಲಕ್ಷಕ್ಕೂ ಹೆಚ್ಚು ಚಿಕಿತ್ಸೆಗಳಾದುವು. ಅವುಗಳಲ್ಲಿ ಬಹುಪಾಲು ಗಂಡಸರವು. ಅದರಿಂದ ಹುಟ್ಟಿದ ರೋಷದ ಫಲವಾಗಿ ಮುಂದಿನ ಸರ್ಕಾರಗಳು ಗಂಡಸರ ತಂಟೆಗೆ ಹೋಗಲು ಅಂಜಿದುವು. ಕಾರ್ಯಕ್ರಮದ ಭಾರವೆಲ್ಲ ಹೆಂಗಸರ ಮೇಲೆ ಸರಿಯಿತು. ಗರ್ಭನಾಳಕ್ಕೆ ಸಣ್ಣ ಉಂಗುರವನ್ನು ತೊಡಿಸುವ ಉದರದರ್ಶಕ ವಿಧಾನ ಇದೇ ಸಮಯಕ್ಕೆ ಒದಗಿತು. ಗಾಯ ಚಿಕ್ಕದು, ಹಾಸಿಗೆಯ ಅವಧಿ ಕಡಿಮೆ. ಆದ್ದರಿಂದ ಒಂದೇ ದಿನ ಬಹುಮಂದಿಗೆ ಚಿಕಿತ್ಸೆ ನಡೆಸುವ ‘ಶಿಬಿರ’ಗಳಿಗೆ ಅದು ಅನುಕೂಲವಾಯಿತು. ೧೯೮೦ರ ದಶಕದಿಂದ ಇಂಥ ಶಿಬಿರಗಳು ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ಆರೋಗ್ಯ ಕೇಂದ್ರಗಳಲ್ಲಿಯೂ ವರ್ಷವರ್ಷವೂ ನಡೆದುವು. ಮೊದಲಲ್ಲಿ ಹೇಳಿದ ‘ಆಪರೇಷನ್’ ಶಬ್ದದ ಅರ್ಥಸಂಕೋಚಕ್ಕೆ ಕಾರಣವನ್ನು ಇಲ್ಲಿಯೇ ಅರಸಬೇಕು. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರವೂ ಕರ್ನಾಟಕದ ವಿವಾಹಿತ ಸ್ತ್ರೀಯರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಸಂತಾನಹರಣ ಚಿಕಿತ್ಸೆಗೆ ಒಳಗಾದವರೇ. ಗಂಡಸರ ಪಾಲು ನಗಣ್ಯ.

ಈ ಚಿಕಿತ್ಸೆಯನ್ನು ವೈದ್ಯರು ಕಲಿತುದು ಎಲ್ಲಿ? ಕೆಲವೇ ದಿನಗಳ ತರಬೇತಿಯಲ್ಲಿ, ಹಿರಿಯರ ಪಕ್ಕದಲ್ಲಿ, ಶಿಬಿರಕ್ಕೆ ಬಂದ ಹೆಂಗಸರ ಮೇಲೆ. ಆ ವೈದ್ಯರಲ್ಲಿ ಅನೇಕರು ದಕ್ಷರೂ ದಯಾಳುಗಳೂ ಆಗಿದ್ದರೆಂಬುದರಲ್ಲಿ ಸಂಶಯವಿಲ್ಲ. ನಮ್ಮ ಆಕ್ಷೇಪಣೆ ವ್ಯಕ್ತಿಗಳ ಮೇಲಲ್ಲ, ವ್ಯವಸ್ಥೆಯ ಮೇಲೆ. ಗುರಿಯ ಸಂಖ್ಯೆಯನ್ನು ನಿಗದಿ ಮಾಡಿದ ಆಡಳಿತಕ್ಕೆ ಯೋಗ್ಯೆಯ ನೆನಪಾಗಲಿಲ್ಲ. ನ್ಯೂಯಾರ್ಕಿನಲ್ಲಿ ಕೆಲವೇ ವರ್ಷಗಳಲ್ಲಿ ಹುಟ್ಟಿದ ನಿಯಮ, ಇಲ್ಲಿ ಹುಟ್ಟಲು ದಶಕಗಳೇ ಹಿಡಿದುವು. ರಮಾಕಾಂತ ರಾಯ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ೨೦೦೫ರಲ್ಲಿ ಆದೇಶ ನೀಡಿದ ಮೇಲೆಯೇ ಅರ್ಹ ವೈದ್ಯರ ಅಧಿಕೃತ ಪಟ್ಟಿಗಳ ಮಾತು ಬಲವಾಯಿತು; ೨೦೦೬ರಲ್ಲಿ ಕೇಂದ್ರ ಸರ್ಕಾರ ಒಂದು ತಂಡ ದಿನಕ್ಕೆ ಮಾಡಬಹುದಾದ ಚಿಕಿತ್ಸೆಗಳಿಗೆ ಮಿತಿಯನ್ನು ಹಾಕಿತು. ಆದರೂ ೨೦೧೪ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸಪುರದ ಸಮೀಪದ ಶಿಬಿರವೊಂದರಲ್ಲಿ ಕೆಲವೇ ಗಂಟೆಗಳಲ್ಲಿ ೮೩ ಹೆಂಗಸರಿಗೆ ಈ ಚಿಕಿತ್ಸೆ ನಡೆದು, ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಸಾವಿನ ಕಾರಣ ಸೋಂಕೇ ಔಷಧವೇ ಎಂಬ ವಾದ ಬೇರೆ; ಅಂಥ ಅವಸರ ಸಾಧ್ಯವಾಯಿತೆಂಬುದೇ ಇಲ್ಲಿ ಗಮನಾರ್ಹ. ೨೦೧೬ರಲ್ಲಿ ದೇವಿಕಾ ಬಿಸ್ವಾಸ್ ಪ್ರಕರಣದ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಶಿಬಿರಗಳನ್ನು ಮೂರು ವರ್ಷಗಳೊಳಗೆ ನಿಲ್ಲಿಸುವಂತೆ ಸರ್ಕಾರಗಳಿಗೆ ಸೂಚಿಸಿತು.

ಈ ಎಲ್ಲ ನಿದರ್ಶನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಅನುಮಾನಕ್ಕೆ ಅವಕಾಶವಿದೆ. ಪೂರ್ವಾಭ್ಯಾಸದ ನಿಯಮವು ಸಲಕರಣೆ ದೊರೆತಾಗ ಹುಟ್ಟುವುದಿಲ್ಲ. ಸೋರೆಕಾಯಿ ಯಾವ ಕಾಲದಲ್ಲಿಯೂ ದುರ್ಲಭವಾಗಿರಲಿಲ್ಲ. ರೋಗಿಯ ಮಾತಿಗೆ ಬೆಲೆ ಬಂದಾಗ ಅದು ಹುಟ್ಟುತ್ತದೆ. ಸುಶ್ರುತನ ಕಾಲದಲ್ಲಿ ಅರಸ, ನ್ಯೂಯಾರ್ಕಿನಲ್ಲಿ ಇಲಾಖೆ, ನಮ್ಮಲ್ಲಿ ನ್ಯಾಯಾಲಯ, ಹೀಗೆ ಯಾರಾದರೊಬ್ಬರು ರೋಗಿಯ ಪರವಾಗಿ ನಿಂತಾಗಲೇ ವೈದ್ಯನ ಕೈ ಮೊದಲು ಕಾಯಿಯ ಮೇಲೆ, ಅನಂತರ ಕಾಯದ ಮೇಲೆ ಎಂಬ ಕ್ರಮ ಸ್ಥಿರವಾಗುತ್ತದೆ.

ಮೂರು ತಾಲ್ಲೂಕುಗಳ ಪ್ರಶ್ನೆ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸ್ಥಿತಿಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಈ ಸೀಮೆಯ ರೋಗಿಗಳಿಗೆ ಬಹುಕಾಲ ದೊಡ್ಡಾಸ್ಪತ್ರೆಯೆಂದರೆ ಮಣಿಪಾಲ ಅಥವಾ ಹುಬ್ಬಳ್ಳಿ. ಮಣಿಪಾಲದ ವೈದ್ಯಕೀಯ ಕಾಲೇಜು ೧೯೫೩ರಲ್ಲಿಯೂ ಹುಬ್ಬಳ್ಳಿಯದು ೧೯೫೭ರಲ್ಲಿಯೂ ಆರಂಭವಾದುವು. ಕಾರವಾರಕ್ಕೆ ವೈದ್ಯಕೀಯ ಕಾಲೇಜು ಬಂದುದು ೨೦೧೬ರಷ್ಟು ಈಚೆಗೆ. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು ನೂರು ಕಿಲೋಮೀಟರು. ಕಾರವಾರಕ್ಕಾಗಲಿ ಮಣಿಪಾಲಕ್ಕಾಗಲಿ ಹೋಗಬೇಕಾದರೆ ಘಟ್ಟವಿಳಿಯಬೇಕು. ಮಳೆಗಾಲದಲ್ಲಿ ಆ ದಾರಿಯ ಭರವಸೆ ಎಷ್ಟೆಂಬುದನ್ನು, ೨೦೨೧ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿಯೂ ಅರಬೈಲು ಘಟ್ಟದಲ್ಲಿಯೂ ಗುಡ್ಡ ಕುಸಿದುದನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ. ಜಿಲ್ಲೆಗೆ ಸುಸಜ್ಜಿತ ಆಸ್ಪತ್ರೆ ಬೇಕೆಂದು ೨೦೨೨ರಲ್ಲಿ ಎದ್ದ ಕೂಗು ಈ ದೂರದ ಅನುಭವದಿಂದಲೇ ಹುಟ್ಟಿದ್ದು.

ಚಿಕ್ಕ ಗಾಯದ ಚಿಕಿತ್ಸೆ ಪಟ್ಟಣಿಗರ ಸೊಗಸೆಂದು ಭಾವಿಸುವವರುಂಟು, ಅದು ಸರಿಯಲ್ಲ. ಅಡಕೆಯ ಮರವೇರಿ ಕೊನೆ ಇಳಿಸುವ ಕೊನೆಗೌಡನಿಗೆ ಹೊಟ್ಟೆಯ ಮೇಲೆ ಗೇಣುದ್ದದ ಹೊಲಿಗೆ ಬಿದ್ದರೆ ಆ ವರ್ಷದ ಕೊಯಿಲೇ ಹೋದಂತೆ. ತೋಟದಲ್ಲಿ ಹೊರೆ ಹೊರುವ ಹೆಂಗಸಿನ ಪಾಡೂ ಅದೇ. ಬೇಗ ಎದ್ದು ದುಡಿಯಬೇಕಾದವರಿಗೇ ಈ ವಿದ್ಯೆಯ ಪ್ರಯೋಜನ ಹೆಚ್ಚು.

ಆದರೆ ಚಿಕ್ಕ ಊರಿನ ಶಸ್ತ್ರವೈದ್ಯರಿಗೆ ಒಂದು ವಿಶೇಷ ಕಷ್ಟವುಂಟು. ನಗರದಲ್ಲಿ ವಾರಕ್ಕೆ ಹಲವು ಸಲ ಬರುವ ಸಂದರ್ಭ ಇಲ್ಲಿ ತಿಂಗಳಿಗೊಮ್ಮೆ ಬಂದೀತು. ಅಪರೂಪಕ್ಕೆ ಆಡುವ ಕೈ ಜಡವಾಗುತ್ತದೆ. ಆದ್ದರಿಂದ ಪೂರ್ವಾಭ್ಯಾಸದ ಅಗತ್ಯ ನಗರದವರಿಗಿಂತ ಇವರಿಗೇ ಅಧಿಕ. ಸೌಲಭ್ಯವಾದರೋ ನಗರಗಳಲ್ಲಿಯೇ ಕೇಂದ್ರೀಕೃತವಾಗಿದೆ. ಬೆಂಗಳೂರಿನ ರಾಮಯ್ಯ ಸಂಸ್ಥೆಯ ಉನ್ನತ ಕಲಿಕಾ ಕೇಂದ್ರದಂಥವು ನಮ್ಮ ನಾಡಿನಲ್ಲಿವೆ. ೨೦೧೯ರಲ್ಲಿ ಜಾರಿಗೆ ಬಂದ ವೈದ್ಯಕೀಯ ಪಠ್ಯಕ್ರಮವು ಕೌಶಲ್ಯ ಪ್ರಯೋಗಶಾಲೆಗೆ ಸ್ಥಾನ ಕೊಟ್ಟಿದೆ. ಇವೆಲ್ಲ ವಿದ್ಯಾರ್ಥಿದೆಸೆಯ ಅನುಕೂಲಗಳು. ಪದವಿ ಪಡೆದು ಘಟ್ಟದ ಮೇಲಿನ ಆಸ್ಪತ್ರೆಗೆ ಬಂದು ಕುಳಿತವರ ಅಭ್ಯಾಸಕ್ಕೆ ಏನು ಏರ್ಪಾಡು?

ಏರ್ಪಾಡು ದುಬಾರಿಯಾಗಬೇಕಿಲ್ಲ. ಪ್ರಾರಂಭದ ಕೈಚಳಕಕ್ಕೆ ಸರಳವಾದ ಪೆಟ್ಟಿಗೆಯೂ ಬೆಲೆಬಾಳುವ ಗಣಕಯಂತ್ರದಷ್ಟೇ ಉಪಯುಕ್ತವೆಂದು ಅನೇಕ ಅಧ್ಯಯನಗಳು ತೋರಿಸಿವೆ. ರಂಧ್ರಗಳುಳ್ಳ ಒಂದು ರಟ್ಟಿನ ಪೆಟ್ಟಿಗೆ, ಒಂದು ದೀಪ, ಕೈಫೋನಿನ ಕ್ಯಾಮೆರಾ, ಬಳಸಿ ಬಿಟ್ಟ ಎರಡು ಸಲಕರಣೆ, ದಾರ, ಬಟ್ಟೆಯ ಚೂರು ಇಷ್ಟಿದ್ದರೆ ಸಾಕು. ಒಳಗಿಡಲು ಹಲಸಿನ ತೊಳೆಯೂ ತೊಂಡೆಯೂ ಸೌತೆಯೂ ಈ ಸೀಮೆಯಲ್ಲಿ ಧಾರಾಳ. ಅದರೊಡನೆ ವಾರಕ್ಕೆ ಕೆಲವು ಗಂಟೆಗಳ ಬಿಡುವನ್ನು ಕರ್ತವ್ಯದ ಭಾಗವೆಂದೇ ಗಣಿಸಿ ಕೊಡಬೇಕು. ಕೊರತೆಯಿರುವುದು ಪೆಟ್ಟಿಗೆಗಿಂತ ಹೆಚ್ಚಾಗಿ ಈ ಬಿಡುವಿಗೇ.

ಅನುಕೃತಿಗೆ ಮಿತಿಯೂ ಉಂಟೆಂಬುದನ್ನು ಮರೆಯಲಾಗದು. ಪೆಟ್ಟಿಗೆಯಲ್ಲಿ ರಕ್ತ ಹರಿಯುವುದಿಲ್ಲ; ಸೌತೆಕಾಯಿ ಭಯಪಡುವುದಿಲ್ಲ. ಯಾವ ಅಭ್ಯಾಸವೂ ಮೊದಲ ರೋಗಿಯನ್ನು ಇಲ್ಲವಾಗಿಸಲಾರದು. ಆದರೆ ಆ ಮೊದಲ ರೋಗಿಯ ಮುಂದೆ ವೈದ್ಯನು ನೂರು ಸಲ ತಪ್ಪಿ ತಿದ್ದಿಕೊಂಡ ಕೈಯೊಡನೆ ನಿಲ್ಲುವಂತೆ ಮಾಡಬಹುದು; ತನ್ನ ಸರದಿ ಎಷ್ಟನೆಯದೆಂದು ಕೇಳುವ ಹಕ್ಕು ರೋಗಿಗೆ ಉಂಟೆಂದು ಒಪ್ಪಿಕೊಳ್ಳಬಹುದು. ‘ಆಪರೇಷನ್’ ಎಂಬ ಒಂದೇ ಮಾತಿನಲ್ಲಿ ತಮ್ಮ ಅನುಭವವನ್ನೆಲ್ಲ ಅಡಗಿಸಿಟ್ಟ ನಮ್ಮ ಹಳ್ಳಿಗಳ ಹೆಂಗಸರನ್ನು ಅಂದು ಯಾರೂ ಆ ಪ್ರಶ್ನೆ ಕೇಳಲು ಬಿಡಲಿಲ್ಲ. ಅವರ ಮೊಮ್ಮಕ್ಕಳಾದರೂ ಅದನ್ನು ಕೇಳಿ, ನೇರವಾದ ಉತ್ತರವನ್ನು ಪಡೆಯುವಂತಾಗಲಿ ಎಂಬ ಆಶಯವನ್ನು ವಾಚಕರ ಮುಂದಿಟ್ಟು ಲೇಖನವನ್ನು ಮುಗಿಸುತ್ತೇವೆ.